ಒಂದೇ ಖೋಲಿಯಲ್ಲಿ ಎರಡು ಬಿಡಾರ

ಮುಂಬಯಿಗೆ ಮೊದಲು ಬಂದ ನಮ್ಮ ಹಿರಿಯರಿಗೆ ಪಾಳಿಯ ಖೋಲಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾದುದಿಲ್ಲ. ಲಾಲಬಾಗದ ಚಾಳಿನಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ. ಹಗಲು ಪಾಳಿಯವನು ಗಿರಣಿಗೆ ಹೊರಟನೆಂದರೆ ರಾತ್ರಿ ಪಾಳಿ ಮುಗಿಸಿದವನು ಬಂದು ಅದೇ ಚಾಪೆಯ ಮೇಲೆ ಒರಗುವನು. ಚಾಪೆ ತಣ್ಣಗಾಗುವುದೆಂಬುದೇ ಇರಲಿಲ್ಲ. ನಮ್ಮ ತಂದೆಯವರು 1964ರಲ್ಲಿ ಉಡುಪಿಯ ಕಡೆಯಿಂದ ಹದಿನಾಲ್ಕು ವರ್ಷದ ಹುಡುಗನಾಗಿ ಬಂದು ಕೋಟೆ ವಿಭಾಗದ ಒಂದು ಹೋಟೆಲಿಗೆ ಸೇರಿದರು. ಮೊದಲ ವರ್ಷ ಹೋಟೆಲಿನ ಮೇಜಿನ ಮೇಲೆಯೇ ನಿದ್ದೆ. ಆಮೇಲೆ ದೊಡ್ಡಪ್ಪನ ಮಗನೊಬ್ಬನ ಇಂಥ ಖೋಲಿಯಲ್ಲಿ ಜಾಗ ಸಿಕ್ಕಿತು. ಅಣ್ಣ ರಾತ್ರಿ ಪಾಳಿ, ತಮ್ಮ ಹಗಲು ಪಾಳಿ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಮುಖ ನೋಡಿಕೊಳ್ಳುತ್ತಿದ್ದುದು ವಾರಕ್ಕೊಮ್ಮೆ. ಬೀಗದ ಕೈ ಪಕ್ಕದ ಮನೆಯ ಮುದುಕಿಯ ಬಳಿ ಇರುತ್ತಿತ್ತಂತೆ.

ಈ ಹಳೆಯ ಕತೆ ಈಗ ನೆನಪಾಗಲು ಕಾರಣ ಒಂದು ಲ್ಯಾಪ್‌ಟಾಪು.

ನಮ್ಮ ಮನೆಯ ಹಳೆಯ ಯಂತ್ರದಲ್ಲಿದ್ದದ್ದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸರಕಾರಿ ನೌಕರ ನಿವೃತ್ತನಾದರೆ ಪಿಂಚಣಿಯಾದರೂ ಉಂಟು (ನಮ್ಮ ಸಾಲಿನವರ ಪಿಂಚಣಿಯ ಮಾತು ಬೇರೆ). ಈ ಯಂತ್ರಕ್ಕೆ ಅದೂ ಇಲ್ಲ. ಹನ್ನೊಂದನೆಯ ವಿಂಡೋಸಿಗೆ ಬಡ್ತಿ ಕೊಡಿಸೋಣವೆಂದರೆ, ಅದು ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಇದರಲ್ಲಿಲ್ಲ. ಆಫೀಸಿನ ಪತ್ತಿನ ಸೊಸೈಟಿಯಲ್ಲಿ ಸಾಲ ತೆಗೆದು, ಒಂದು ಶನಿವಾರ ಡೊಂಬಿವಲಿಯಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆ. ಲ್ಯಾಮಿಂಗ್ಟನ್ ರಸ್ತೆಗೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂದು ನಾಮಕರಣವಾಗಿ ಎಷ್ಟೋ ಕಾಲವಾಯಿತು. ಆದರೆ ಕಂಪ್ಯೂಟರ್ ಕೊಳ್ಳುವವನ ಬಾಯಲ್ಲಿ ಇನ್ನೂ 1903ರಿಂದ 1907ರವರೆಗೆ ಇಲ್ಲಿ ಗವರ್ನರಾಗಿದ್ದ ಆ ದೊರೆಯ ಹೆಸರೇ. ಹಳೆಯ ಯಂತ್ರವನ್ನು ಬದಲಿಗೆ ಕೊಟ್ಟು, ಹೊಸದನ್ನು ಬೆನ್ನಿಗೆ ಹಾಕಿಕೊಂಡು ಬಂದೆ. ಅದರೊಳಗಿದ್ದ ಕಡತಗಳನ್ನೆಲ್ಲ ಮುಂಚಿತವಾಗಿಯೇ ಒಂದು ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದೆ. ಅಷ್ಟು ಬುದ್ಧಿ ನನಗುಂಟು.

ಮನೆಗೆ ಬಂದು ತೆರೆದು ನೋಡಿದರೆ ಮೊದಲ ಗುಮಾನಿ. ಪೆಟ್ಟಿಗೆಯ ಮೇಲೆ 512 ಜಿಬಿ ಎಂದು ಅಚ್ಚಾಗಿದೆ, ಒಳಗೆ ವಿಂಡೋಸ್ ತೋರಿಸುವುದು 476! ಅಂಗಡಿಯವನು ತೂಕದಲ್ಲಿ ಕಡಿಮೆ ಕೊಟ್ಟನೋ ಎಂದು ಮುಲುಂಡಿನಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿದೆ. ಆತ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಸಾಮಾನು ಅಷ್ಟೇ ಇದೆ ಎಂದ. ಲೆಕ್ಕಶಾಖೆಯಲ್ಲಿ ಹನ್ನೆರಡು ವರ್ಷ ಕಳೆದ ನನಗೆ ಈ ವಿವರಣೆ ಪೂರಾ ಹಿಡಿಸಲಿಲ್ಲ, ಆದರೂ ಒಪ್ಪಿಕೊಂಡೆ.

ಮುಂದಿನ ಭಾನುವಾರ ಅಳಿಯನೇ ಬಂದ. "ಮಾವ, ಇದರಲ್ಲಿ ಲಿನಕ್ಸ್ ಕೂಡ ಹಾಕಿಕೊಳ್ಳಿ. ಮಗಳು ದೊಡ್ಡವಳಾಗ್ತಾ ಬಂದಳು, ಕಲಿಯಲಿಕ್ಕೆ ಒಳ್ಳೇದು. ದುಡ್ಡು ಕೊಡಲಿಕ್ಕಿಲ್ಲ" ಎಂದ. ಕೊನೆಯ ವಾಕ್ಯ ನನ್ನ ಮನಸ್ಸನ್ನು ತಟ್ಟಿತು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಯಂತ್ರವನ್ನು ನಡೆಸುವ ಯಜಮಾನ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಕೊಳ್ಳುವಾಗ ಒಳಗೆ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ. ಲಿನಕ್ಸ್ ಎಂಬುದು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನುಸ್ ಟೋರ್ವಾಲ್ಡ್ಸ್ ಶುರುಮಾಡಿ, ಆಮೇಲೆ ಲೋಕದ ಸಾವಿರಾರು ಮಂದಿ ಕೈಹಚ್ಚಿ ಬೆಳೆಸಿದ್ದು. ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಅದರ ಹಲವು ಪ್ರಕಾರಗಳಲ್ಲಿ ಉಬುಂಟು ಒಂದು; ನಾನು ಹಾಕಿಕೊಂಡದ್ದು 2024ರ ಏಪ್ರಿಲಿನಲ್ಲಿ ಹೊರಬಂದ 24.04 ಎಂಬುದು. ಇವೆರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು, ಆದರೆ ಏಕಕಾಲದಲ್ಲಿ ಎರಡೂ ಎದ್ದು ಕೂರುವಂತಿಲ್ಲ. ಒಬ್ಬನು ಮಲಗಿದ ಮೇಲೆಯೇ ಇನ್ನೊಬ್ಬನ ಪಾಳಿ. ತಂದೆಯವರ ಲಾಲಬಾಗದ ಖೋಲಿ ನನ್ನ ಕಣ್ಣ ಮುಂದೆ ಬಂದದ್ದು ಆಗಲೇ.

ಅಳಿಯ ಅಂದು ಮಾಡಬೇಕಾದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದ. ಡಿಸ್ಕಿನಲ್ಲಿ ಅಡ್ಡಗೋಡೆ ಹಾಕಿ ಹೊಸ ಬಿಡಾರಕ್ಕೆ ಜಾಗ ಬಿಡಿಸುವುದು, ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸುವುದು, ಪೆನ್‌ಡ್ರೈವಿನಲ್ಲಿ ಉಬುಂಟುವಿನ ಸ್ಥಾಪನಾ ಪ್ರತಿ ತಯಾರಿಸುವುದು, ಇತ್ಯಾದಿ. ಈ ಫಾಸ್ಟ್ ಸ್ಟಾರ್ಟಪ್ ಎಂಬುದರ ಗುಟ್ಟು ಕೇಳಲು ಸ್ವಾರಸ್ಯವಾಗಿದೆ. ನಾವು ಯಂತ್ರ ಮುಚ್ಚಿದರೂ ವಿಂಡೋಸ್ ಪೂರ್ತಿ ಹೊರಗೆ ಹೋಗುವುದಿಲ್ಲ; ಹಾಸಿಗೆ ಹಾಸಿಯೇ ಬಿಟ್ಟು, ಪೆಟ್ಟಿಗೆಗೆ ಅರೆ ಬೀಗ ಹಾಕಿ ಹೋಗಿರುತ್ತದೆ, ಬೆಳಿಗ್ಗೆ ಬೇಗ ಎದ್ದು ಕೂರಬಹುದೆಂದು. ಆಗ ಲಿನಕ್ಸ್ ಬಂದು ಅದರ ಕಪಾಟನ್ನು ಇಣುಕಿ ನೋಡಬಹುದು, ಒಳಗೆ ಏನೂ ಇಡುವಂತಿಲ್ಲ. ಪಾಳಿ ಮುಗಿದರೆ ಚಾಪೆ ಸುತ್ತಿಟ್ಟು ಹೋಗಬೇಕೆಂಬುದು ಲಾಲಬಾಗದಲ್ಲಿಯೂ ಇದ್ದ ನಿಯಮ.

ಜಾಗ ಬಿಡಿಸುವುದು ಸುಲಭವಾಯಿತು. 120 ಜಿಬಿ ಪಾಲು ಮಾಡಿದೆ. ಉಬುಂಟುವಿಗೆ 25 ಇದ್ದರೂ ಸಾಕಂತೆ, ಆದರೆ ನೆಂಟರಿಗೆ ಸ್ವಲ್ಪ ಕೈ ಕಾಲು ಚಾಚಲು ಇರಲಿ ಎಂದುಕೊಂಡೆ. ಆಮೇಲೆ ಪೆನ್‌ಡ್ರೈವು ಬೇಕಾಯಿತು. ಮೇಜಿನ ಖಾನೆಯಲ್ಲಿ ಒಂದಿತ್ತು. ಅದನ್ನೇ ಸಿಕ್ಕಿಸಿದೆ. 'ಇದರಲ್ಲಿರುವುದೆಲ್ಲ ಅಳಿಸಿಹೋಗುವುದು' ಎಂದು ರುಫಸ್ ಎಂಬ ತಂತ್ರಾಂಶ ಎಚ್ಚರಿಕೆ ಕೊಟ್ಟಿತು. ದಿನಕ್ಕೆ ನೂರು ಕಾಗದಕ್ಕೆ ಓದದೆ ಮೊಹರು ಒತ್ತುವ ಕೈ, ಒತ್ತಿಬಿಟ್ಟಿತು.

ಆಗ ಹೊಳೆಯಲಿಲ್ಲ. ತಂದೆಯವರು ತೀರಿಹೋಗಿ ಎರಡು ವರ್ಷ. ನಿವೃತ್ತರಾದ ಮೇಲೆ ಅವರು ಎರಡು ಬೆರಳಿನಲ್ಲಿ, ದಿನಕ್ಕೆ ಅರ್ಧ ಪುಟದಂತೆ, ತಮ್ಮ ಮುಂಬಯಿ ಜೀವನದ ನೆನಪುಗಳನ್ನು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಹೋಟೆಲು, ರಾತ್ರಿಶಾಲೆ, 1982ರ ಗಿರಣಿ ಮುಷ್ಕರದಲ್ಲಿ ಅಣ್ಣನ ಕೆಲಸ ಹೋದದ್ದು, ಎಲ್ಲ ಸೇರಿ ನೂರನಾಲ್ವತ್ತು ಪುಟ. ಅದರ ಒಂದು ಪ್ರತಿ ಬದಲಿಗೆ ಕೊಟ್ಟ ಹಳೆಯ ಯಂತ್ರದಲ್ಲಿತ್ತು. ಇನ್ನೊಂದು ಆ ಪೆನ್‌ಡ್ರೈವಿನಲ್ಲಿತ್ತು. ಉಳಿದದ್ದು ಹೊಸ ಲ್ಯಾಪ್‌ಟಾಪಿಗೆ ನಾನು ಇಳಿಸಿಕೊಂಡದ್ದು ಮಾತ್ರ.

ಇಷ್ಟಾದ ಮೇಲೆ ನಿಲ್ಲಿಸಬೇಕಿತ್ತು. ಆದರೆ ಆಫೀಸಿನಲ್ಲಿ ಯಾರೋ ಒಬ್ಬರು 'ಸೆಕ್ಯೂರ್ ಬೂಟ್' ಎಂಬುದನ್ನು ತೆಗೆಯದೆ ಲಿನಕ್ಸ್ ಏರುವುದಿಲ್ಲ ಎಂದಿದ್ದರು. ಅಳಿಯನ ಹಾಳೆಯಲ್ಲಿ ಅದಿರಲಿಲ್ಲ. ಉಬುಂಟುವಿಗೆ ಅದರ ಅಗತ್ಯವೂ ಇಲ್ಲವೆಂದು ಈಗ ತಿಳಿದಿದೆ. ನಾನು ಯಂತ್ರದ ತಳದ ಸೆಟ್ಟಿಂಗಿಗೆ ಹೋಗಿ ತೆಗೆದೆ. ಏನೋ ನೋಡಲು ಮತ್ತೆ ವಿಂಡೋಸನ್ನು ತೆರೆಯಹೋದೆ. ತೆರೆಯಲಿಲ್ಲ. ನೀಲಿ ಪರದೆ ಬಂತು. ನಲ್ವತ್ತೆಂಟು ಅಂಕೆಗಳ ಬೀಗದ ಸಂಖ್ಯೆ ಕೊಡು ಎಂದು ಕೇಳಿತು.

ಹೊಸ ಯಂತ್ರಗಳಲ್ಲಿ ಡಿಸ್ಕಿನೊಳಗಿನದೆಲ್ಲ ಗೂಢಲಿಪಿಯಲ್ಲಿ ಬೀಗ ಬಿದ್ದಿರುತ್ತದೆ. ಇದಕ್ಕೆ ಬಿಟ್‌ಲಾಕರ್ ಎನ್ನುತ್ತಾರೆ. ಕದ್ದವನು ಡಿಸ್ಕನ್ನು ಬಿಚ್ಚಿ ಓದದಿರಲೆಂದು ಈ ಏರ್ಪಾಡು. ಬಾಗಿಲ ಚೌಕಟ್ಟನ್ನು ಯಾರೋ ಅಲುಗಾಡಿಸಿದರೆಂದು ಅದಕ್ಕೆ ಸಂಶಯ ಬಂದರೆ ಯಜಮಾನನನ್ನೂ ಒಳಗೆ ಬಿಡದು. ಇದು ಯಂತ್ರದ ತಪ್ಪಲ್ಲ, ಅದು ತನ್ನ ಕೆಲಸ ಮಾಡಿತು. ಆದರೆ ಆ ರಾತ್ರಿ ಹತ್ತೂವರೆಗೆ ಆ ನೀಲಿ ಪರದೆಯ ಎದುರು ಕುಳಿತಾಗಲೇ ನನಗೆ ಪೆನ್‌ಡ್ರೈವಿನ ನೆನಪಾದದ್ದು. ಕೈಕಾಲು ತಣ್ಣಗಾಯಿತು.

"ಎಂತ ಆಯ್ತು? ಹೊಸತಲ್ವಾ ಇದು?" ಎಂದಳು ನನ್ನಾಕೆ.

ಹೇಳಲೇಬೇಕಾಯಿತು. ಒಳಗೆ ಮಲಗಿದ್ದ ಅಮ್ಮನಿಗೆ ಕೇಳಿಸಬಾರದೆಂದು ಪಿಸುಮಾತಿನಲ್ಲಿ ಹೇಳಿದೆ. ಹಳೆಯ ಯಂತ್ರ ಕೊಟ್ಟು ಆಗಲೇ ಎಂಟು ದಿನ. ಅಂಗಡಿಯವರು ಅಳಿಸಿ ಮಾರಿಯೂ ಆಗಿರಬಹುದು. ಅಳಿಯನಿಗೆ ಫೋನು ಮಾಡಿದೆ. "ಮಾವ, ಹೆದರಬೇಡಿ. ಮೊದಲ ದಿನ ಮೈಕ್ರೋಸಾಫ್ಟ್ ಖಾತೆ ತೆರೆದೇ ಒಳಗೆ ಹೋಗಿದ್ದೀರಲ್ಲ? ಬೀಗದ ಸಂಖ್ಯೆ ಆ ಖಾತೆಯಲ್ಲಿ ತಾನಾಗಿಯೇ ಜಮಾ ಆಗಿರ್ತದೆ. ಮೊಬೈಲಿನಲ್ಲಿ ಖಾತೆ ತೆರೆದು ನೋಡಿ" ಎಂದ. ಯಾವ ಖಾತೆ? ಯಾವ ಗುಪ್ತಪದ? ಆ ದಿನ ಅವಸರದಲ್ಲಿ ಏನೋ ಒಂದು ಕೊಟ್ಟಿದ್ದೆ. ನೆನಪು ಮಾಡಿಕೊಂಡು ಮೂರು ಸಲ ಬರೆದೆ, ಮೂರು ಸಲವೂ ತಪ್ಪೆಂದಿತು.

ನನ್ನಾಕೆ ಅಡಿಗೆಮನೆಗೆ ಹೋಗಿ ಹಾಲಿನ ಲೆಕ್ಕದ ಪುಸ್ತಕ ತಂದಳು. ಕೊನೆಯ ಪುಟದಲ್ಲಿ, ಗ್ಯಾಸಿನವನ ಸಂಖ್ಯೆಯ ಕೆಳಗೆ, ಖಾತೆಯ ಹೆಸರೂ ಗುಪ್ತಪದವೂ ಇದ್ದವು. "ಆವತ್ತು ನಿಮ್ಮ ಫೋನು ಚಾರ್ಜಿಗೆ ಇತ್ತು. ನನ್ನ ನಂಬರು ಕೊಟ್ಟಿರಿ. ನೀವು ಮರೀತೀರಿ ಅಂತ ಬರೆದಿಟ್ಟೆ" ಎಂದಳು. ಗುಪ್ತಪದವನ್ನು ಹಾಲಿನ ಪುಸ್ತಕದಲ್ಲಿ ಬರೆಯಕೂಡದೆಂದು ಬಲ್ಲವರು ಹೇಳುತ್ತಾರೆ. ಹೇಳಲಿ. ಆಕೆಯ ಮೊಬೈಲಿಗೆ ಪರಿಶೀಲನೆಯ ಅಂಕೆ ಬಂತು, ಖಾತೆ ತೆರೆಯಿತು, ಆರಾರು ಅಂಕೆಗಳ ಎಂಟು ಗುಂಪು ಕಾಣಿಸಿತು. ಆಕೆ ಓದಿದಳು, ನಾನು ಒತ್ತಿದೆ. ವಿಂಡೋಸ್ ಎದ್ದಿತು. ತಂದೆಯವರ ಕಡತ ಇದ್ದಲ್ಲೇ ಇತ್ತು.

ಅಂದು ಬೇರೇನೂ ಮಾಡಲಿಲ್ಲ. ಆ ಕಡತವನ್ನು ನನಗೇ ನಾನು ಮಿಂಚಂಚೆ ಮಾಡಿ ಮಲಗಿದೆ. ಮರುದಿನ ಹೊಸ ಪೆನ್‌ಡ್ರೈವೊಂದನ್ನು ಕೊಂಡು ಅದರಲ್ಲೂ ಇಳಿಸಿ, ಅಕ್ಕನ ಮನೆಗೆ ಕಳಿಸಿದೆ. ಆಮೇಲೆಯೇ ವಿಂಡೋಸಿನ ಸೆಟ್ಟಿಂಗಿನಲ್ಲಿ ಆ ಗೂಢಲಿಪಿಯ ಬೀಗವನ್ನು ತೆರೆಸಿ, ಉಬುಂಟುವನ್ನು ಹಾಕಿದ್ದು. ಅದು ಅರ್ಧ ಗಂಟೆಯ ಕೆಲಸ, ಹೇಳುವಂಥದೇನೂ ನಡೆಯಲಿಲ್ಲ. ಈಗ ಯಂತ್ರ ಹೊತ್ತಿಸಿದೊಡನೆ ಗ್ರಬ್ ಎಂಬ ಒಂದು ಪಟ್ಟಿ ಬಂದು, ಯಾರ ಪಾಳಿ ಎಂದು ಕೇಳುತ್ತದೆ. ಪಕ್ಕದ ಮನೆಯ ಮುದುಕಿ!

ಇನ್ನೊಂದು ತಮಾಷೆ ಉಳಿದಿತ್ತು. ರಾತ್ರಿ ಒಂಬತ್ತೂವರೆಗೆ ಉಬುಂಟು ಮುಚ್ಚಿ ವಿಂಡೋಸ್ ತೆರೆದರೆ ಅದರ ಗಡಿಯಾರದಲ್ಲಿ ಸಂಜೆ ನಾಲ್ಕು ಗಂಟೆ. ಯಂತ್ರದೊಳಗೆ ಇರುವುದು ಒಂದೇ ಗಡಿಯಾರ. ಲಿನಕ್ಸ್ ಅದನ್ನು ಗ್ರೀನಿಚ್ ಹೊತ್ತಿಗೆ ಇಟ್ಟು, ಐದೂವರೆ ಗಂಟೆ ಕೂಡಿಸಿ ನಮಗೆ ತೋರಿಸುತ್ತದೆ. ವಿಂಡೋಸಾದರೋ ಅಲ್ಲಿರುವುದೇ ಊರಿನ ಹೊತ್ತೆಂದು ನಂಬುತ್ತದೆ. ಮುಂಬಯಿಗೆ ಇದು ಹೊಸದಲ್ಲ. 1906ರಲ್ಲಿ ಭಾರತಕ್ಕೆಲ್ಲ ಒಂದೇ ಕಾಲಮಾನ ಬಂದರೂ ಈ ಊರು ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನ 'ಬಾಂಬೆ ಟೈಮ್' ಅನ್ನು 1955ರವರೆಗೂ ಬಿಡಲಿಲ್ಲ. ನಮ್ಮ ಮನೆಯ ಜಗಳ ಅಷ್ಟು ದಿನ ನಡೆಯಲಿಲ್ಲ; ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಊರಿನ ಹೊತ್ತಿಗೇ ನಡೆಯುವಂತೆ ಮಾಡಿದೆವು.

ಉಬುಂಟುವಿನಲ್ಲಿ ಕನ್ನಡ ಬರೆಯಲು ಏನೂ ಕೊಳ್ಳಬೇಕಾಗಿಲ್ಲ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡ ಕಗಪ ಎಂಬುದು ಅದರಲ್ಲೇ ಇದೆ. ತಂದೆಯವರು ನುಡಿಯಲ್ಲಿ ಬಳಸುತ್ತಿದ್ದುದೂ ಅದೇ. ಇದಕ್ಕೆ ಮೂಲ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅವರು ಒಂದು ಕಾಲಕ್ಕೆ ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ವಿಂಡೋಸಿನೊಂದಿಗೆ ಬಹುಕಾಲ ಬರುತ್ತಿದ್ದ 'ತುಂಗಾ' ಎಂಬ ಕನ್ನಡ ಅಕ್ಷರವಿನ್ಯಾಸವೂ ಮುಂಬಯಿಯ ಅಕ್ಷರಶಿಲ್ಪಿ ರ. ಕೃ. ಜೋಶಿಯವರ ನಿರ್ದೇಶನದಲ್ಲಿ ಮೂಡಿದ್ದು. ಮುಂಬಯಿಯಲ್ಲಿ ಕನ್ನಡ ಎಲ್ಲಿದೆ ಎಂದು ಕೇಳುವವರಿಗೆ ಹೇಳಲು ಈಗ ನನಗೆ ಎರಡು ಉತ್ತರ ಸಿಕ್ಕಿತು.

ಆದರೆ ತಂದೆಯವರ ಕಡತವನ್ನು ಉಬುಂಟುವಿನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಚುಕ್ಕೆ ಹಚ್ಚಿದ ಹಾಗೆ ಏನೇನೋ. ಹಳೆಯ ನುಡಿಯ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಬಾಡಿಗೆಗಿದ್ದವು. 1991ರಲ್ಲಿ ಹೊರಬಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದೆ, ಆದರೆ ಹಳೆಯ ಬರಹ ತಾನಾಗಿ ಅಲ್ಲಿಗೆ ಹೋಗದು. ವಿಂಡೋಸಿಗೆ ಹೋಗಿ, ನುಡಿಯಲ್ಲಿ ತೆರೆದು, ಯೂನಿಕೋಡಿಗೆ ಪರಿವರ್ತಿಸಿ ತಂದೆ. ಬಂತು, ಆದರೆ ಅಲ್ಲಲ್ಲಿ ಅರ್ಕಾವತ್ತು ಪಕ್ಕದ ಅಕ್ಷರದ ತಲೆಗೆ ಹಾರಿದೆ, ಒತ್ತಕ್ಷರಗಳು ಕಳಚಿಕೊಂಡಿವೆ.

ಈಗ ರಾತ್ರಿ ಊಟವಾದ ಮೇಲೆ ನಾನು ಓದುತ್ತೇನೆ, ಅಮ್ಮ ಕೇಳುತ್ತಾರೆ. ತಪ್ಪು ಬಂದಲ್ಲಿ ನಿಲ್ಲಿಸಿ ತಿದ್ದುತ್ತೇವೆ. ಕೆಲವೆಡೆ ಅಕ್ಷರ ಎಷ್ಟು ಕೆಟ್ಟಿದೆಯೆಂದರೆ ತಂದೆಯವರು ಯಾರ ಹೆಸರು ಬರೆದಿದ್ದರೆಂದು ನನಗೆ ತಿಳಿಯದು, ಅಮ್ಮನೇ ಹೇಳಬೇಕು. ಮೊನ್ನೆ ಮೂವತ್ತೊಂದನೆಯ ಪುಟದಲ್ಲಿ ಲಾಲಬಾಗದ ಖೋಲಿ ಬಂತು. ಬೀಗದ ಕೈ ಇಟ್ಟುಕೊಳ್ಳುತ್ತಿದ್ದ ಮುದುಕಿಯ ಹೆಸರು ಅಲ್ಲಿ ಪೂರಾ ಚೂರಾಗಿತ್ತು.

"ನಿಲ್ಲು ಮಗಾ, ಆ ಹೆಸರು ನನಗೆ ಗೊತ್ತುಂಟು" ಎಂದರು ಅಮ್ಮ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತರು. ನೆನಪಾಗಲಿಲ್ಲ. ನಾಳೆ ಊರಿಗೆ ಫೋನು ಮಾಡಿ ದೊಡ್ಡಪ್ಪನ ಮಗನನ್ನೇ ಕೇಳೋಣವೆಂದರು. ಆ ಜಾಗಕ್ಕೆ ಹಳದಿ ಬಣ್ಣ ಬಳಿದು ಇಟ್ಟಿದ್ದೇನೆ.