ಗುಮ್ಮಟ ಬಿದ್ದ ಮೇಲೆ

ಯಲ್ಲಾಪುರದಿಂದ ಪಡುವಣಕ್ಕೆ ಹೊರಟ ದಾರಿಯು ಬಾರೆಯ ಮೇಲಾಗಿ ಘಟ್ಟವಿಳಿದು ಕಾಳಿಯ ಕಣಿವೆಯನ್ನು ಸೇರುತ್ತದೆ. ದಟ್ಟಡವಿಯ ನಡುವೆ, ಹೊಳೆಯ ಎಡದಂಡೆಯಲ್ಲಿ, ಕೈಗಾದ ಅಣುವಿದ್ಯುತ್ ಸ್ಥಾವರವಿದೆ. 220 ಮೆಗಾವಾಟಿನ ನಾಲ್ಕು ಘಟಕಗಳು. ಕಂದಾಯದ ಲೆಕ್ಕದಲ್ಲಿ ಅದು ಕಾರವಾರ ತಾಲ್ಲೂಕಿಗೆ ಸೇರಿದುದು, ನಿಜ. ಆದರೆ ಗಾಳಿಗೂ ಮಳೆಗೂ ಕಂದಾಯದ ಗಡಿ ತಿಳಿಯದು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನ 1980ರ ದಶಕದಿಂದಲೂ ಕೈಗಾವನ್ನು ತಮ್ಮ ಮನೆಯಂಗಳದ ಸಂಗತಿಯೆಂದೇ ಭಾವಿಸಿ ವಾದಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆ ವಾದವನ್ನು ಇಲ್ಲಿ ಮತ್ತೆ ಹೂಡುವ ಉದ್ದೇಶ ನನಗಿಲ್ಲ. ಸ್ಥಾವರ ಬೇಕೇ ಬೇಡವೇ ಎಂಬುದು ಒಂದು ಪ್ರಶ್ನೆ; ಬಂದು ನಿಂತ ಸ್ಥಾವರವು ಅವಘಡಗಳಿಂದ ಏನನ್ನು ಕಲಿಯಿತು ಎಂಬುದು ಇನ್ನೊಂದು. ಎರಡನೆಯದನ್ನು ನಾವು ಸಾಕಷ್ಟು ಕೇಳಿಲ್ಲವೆಂದು ನನ್ನ ಎಣಿಕೆ.

1994ರ ಮೇ 13ರಂದು ಕೈಗಾದ ಒಂದನೆಯ ಘಟಕದ ಒಳಗುಮ್ಮಟ ಕುಸಿಯಿತು. ಗೋಲಗುಮ್ಮಟವನ್ನು ಕಂಡ ನಾಡಿಗೆ ಗುಮ್ಮಟ ಹೊಸತಲ್ಲ. ಆದರೆ ಇದರ ಕೆಲಸವೇ ಬೇರೆ. ಒಳಗಿನ ಅಣುಭಟ್ಟಿಗೆ ಎಂಥ ವಿಪತ್ತು ಬಂದರೂ ವಿಕಿರಣವು ಹೊರಬೀಳದಂತೆ ತಡೆಯುವ ಕಟ್ಟಕಡೆಯ ಕೋಟೆ ಅದು. ಒಂದರ ಹೊರಗೆ ಒಂದರಂತೆ ಕಾಂಕ್ರೀಟಿನ ಎರಡು ಕವಚಗಳು. ಒಳಗಿನ ಕವಚದಲ್ಲಿ ಉಕ್ಕಿನ ಹುರಿಗಳನ್ನು ಹೂತು, ಬಲವಾಗಿ ಎಳೆದು ಬಿಗಿದಿರುತ್ತಾರೆ. ಬಾಗಿದ ಮೈಯ ಮೇಲೆ ಹೀಗೆ ಬಿಗಿದ ಹುರಿಯು ಕಾಂಕ್ರೀಟನ್ನು ಅದರ ದಪ್ಪದ ದಿಕ್ಕಿನಲ್ಲಿ ಸೀಳಲು ಹವಣಿಸುತ್ತದೆ. ಆ ದಿಕ್ಕಿನಲ್ಲಿ ಹಿಡಿದಿಡಬೇಕಾದ ಕಬ್ಬಿಣವೇ ಅಲ್ಲಿ ಸಾಲದಾಗಿತ್ತು. ಈರುಳ್ಳಿಯ ಪದರ ಬಿಡುವಂತೆ ಗುಮ್ಮಟದ ಕೆಳಮೈ ಬಿಟ್ಟುಕೊಂಡು, ಸುಮಾರು 130 ಟನ್ ಕಾಂಕ್ರೀಟು ನೆಲಕ್ಕೆ ಬಿತ್ತು. ಕೆಲಸಗಾರರಿಗೆ ಗಾಯಗಳಾದವು. ಭಟ್ಟಿಗೆ ಇಂಧನವನ್ನಿನ್ನೂ ತುಂಬಿರಲಿಲ್ಲ, ಆದ್ದರಿಂದ ವಿಕಿರಣದ ಮಾತೇ ಬರಲಿಲ್ಲ. ಅದೃಷ್ಟವೆಂದರೆ ಇದೇ.

ಕೈಗಾ ಬೇಡವೆಂದು ಹೋರಾಡಿ, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತಿದ್ದ ಶಿವರಾಮ ಕಾರಂತರು ಆಗ ತೊಂಬತ್ತನ್ನು ದಾಟಿದ್ದರು. ಗುಮ್ಮಟ ಬಿದ್ದ ಸುದ್ದಿಯ ಕಾಲಕ್ಕೆ ಅವರಿದ್ದರು. ಭಟ್ಟಿ ಹೊತ್ತಿಕೊಳ್ಳುವ ವೇಳೆಗೆ ಇರಲಿಲ್ಲ.

ಬಿದ್ದ ಗುಮ್ಮಟ ಕಲಿಸಿದ ಪಾಠ ದೊಡ್ಡದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ತನಿಖೆ ನಡೆಸಿತು. ವಿನ್ಯಾಸವನ್ನು ಮೊದಲಿನಿಂದ ಲೆಕ್ಕಹಾಕಿದರು, ಅಡ್ಡಲಾಗಿ ಹಿಡಿದಿಡುವ ಕಬ್ಬಿಣವನ್ನು ಸೇರಿಸಿದರು, ಕಾಂಕ್ರೀಟಿನ ಕಸುವನ್ನು ಹೆಚ್ಚಿಸಿದರು. ಅದೇ ಬಗೆಯ ಗುಮ್ಮಟವಿದ್ದ ರಾಜಸ್ಥಾನದ ಘಟಕಗಳನ್ನೂ ತಿದ್ದಬೇಕಾಯಿತು. ಎರಡನೆಯ ಘಟಕ 1999ರಲ್ಲಿ ಮೊದಲು ಚಾಲನೆ ಪಡೆಯಿತು, ಮೊದಲನೆಯದು ಅದರ ಮರುವರ್ಷ. ವರ್ಷಗಳು ಹೋದವು, ಹಣವೂ ಹೋಯಿತು. ಆದರೆ ಕಲಿಕೆಗೆ ತೆತ್ತ ಬೆಲೆ ಹೆಚ್ಚಾಯಿತೆಂದು ಈ ಒಂದು ವಿಷಯದಲ್ಲಿ ಯಾರೂ ಗೊಣಗಲಾರರು.

ಅದಕ್ಕೆ ಒಂದು ವರ್ಷ ಮೊದಲು, 1993ರ ಮಾರ್ಚ್ 31ರಂದು, ಉತ್ತರಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹೊತ್ತಿ, ಮುಖ್ಯ ತಂತಿಗಳೂ ಬದಲಿ ತಂತಿಗಳೂ ಒಟ್ಟಿಗೆ ಸುಟ್ಟು, ಸ್ಥಾವರ ಸುಮಾರು 17 ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕುಳಿತಿತ್ತು. ಬೆಂಕಿ ಆರಿಸಲು ಇಟ್ಟ ಡೀಸೆಲ್ ಪಂಪಿನ ನೀರೇ ಅಂದು ಭಟ್ಟಿಯನ್ನು ತಣಿಸಿ ಕಾಪಾಡಿತು. ವಿದ್ಯುತ್ತನ್ನು ಉತ್ಪಾದಿಸುವ ಮನೆಯಲ್ಲೇ ದೀಪವಿಲ್ಲದಿರುವುದು ವಿಚಿತ್ರವೆನಿಸೀತು. ಆದರೆ ಅಣುಸ್ಥಾವರದ ಮಹಾಭಯವೆಂದರೆ ಆ ಕತ್ತಲೆಯೇ.

ಅದೇಕೆಂಬುದನ್ನು ನಮ್ಮ ಕಡೆಯವರಿಗೆ ತಿಳಿಸುವುದು ಸುಲಭ. ಆಲೆಮನೆಯ ಒಲೆಯಿಂದ ಸೌದೆಯನ್ನು ಹಿಂದೆಗೆದರೂ ಕೊಪ್ಪರಿಗೆಯ ಕುದಿ ಥಟ್ಟನೆ ನಿಲ್ಲುವುದಿಲ್ಲ. ಕೆಂಡವನ್ನಾದರೂ ಹೊರಗೆಳೆಯಬಹುದು, ಕೊಪ್ಪರಿಗೆಯನ್ನು ಇಳಿಸಬಹುದು. ಅಣುಭಟ್ಟಿಯಲ್ಲಿ ಎರಡೂ ಸಾಧ್ಯವಿಲ್ಲ. ಕ್ರಿಯೆಯನ್ನು ನಿಲ್ಲಿಸಿದ ಗಳಿಗೆಯಲ್ಲಿ ಪೂರ್ಣಶಾಖದ ಶೇಕಡಾ 6-7ರಷ್ಟು ಉಳಿದಿರುತ್ತದೆ. ದಿನವೊಂದು ಕಳೆದರೂ ಶೇಕಡಾ ಅರ್ಧದಷ್ಟು ಇದ್ದೇ ಇರುತ್ತದೆ. ಅದನ್ನು ಹೊತ್ತೊಯ್ಯಲು ನೀರು ಬೇಕು, ನೀರನ್ನು ನೂಕಲು ಶಕ್ತಿ ಬೇಕು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದೊಡನೆ ಭಟ್ಟಿಗಳು ನಿಯಮದಂತೆ ನಿಂತವು. ಆದರೆ ಕಡಲು ಉಕ್ಕಿ ಬಂದು ಡೀಸೆಲ್ ಯಂತ್ರಗಳನ್ನು ಮುಳುಗಿಸಿತು. ಮೂರು ಭಟ್ಟಿಗಳ ಒಡಲು ಕರಗಿತು.

ಆ ಬಳಿಕ ನಮ್ಮ ದೇಶದ ಸ್ಥಾವರಗಳನ್ನೆಲ್ಲ ಮತ್ತೆ ಪರೀಕ್ಷಿಸಿದರು. ಒಳಗಿನ ಪಂಪುಗಳೆಲ್ಲ ಸೋತರೂ ಅಗ್ನಿಶಾಮಕದ ವಾಹನವೊಂದು ಬಂದು ನಿಂತು ನೀರು ಹಾಯಿಸಲು ಅನುಕೂಲವಾಗುವಂತೆ ಕಟ್ಟಡದ ಹೊರಗೋಡೆಗೆ ಕೊಳವೆಯ ಬಾಯಿಗಳನ್ನು ಕೂರಿಸಿದರು. ಸಾಗಿಸಬಲ್ಲ ಡೀಸೆಲ್ ಯಂತ್ರಗಳು ಬಂದವು. ಜಲಜನಕ ಸೇರಿ ಸಿಡಿಯದಂತೆ, ವಿದ್ಯುತ್ತಿನ ಹಂಗಿಲ್ಲದೆ ಅದನ್ನು ಅರಗಿಸುವ ಸಾಧನಗಳನ್ನು ಇಡಬೇಕೆಂದು ಸೂಚನೆಯಾಯಿತು. ಗೋಡೆಗೆ ಹಾಕಿದ ಕೊಳವೆಯ ಬಾಯಿ ಅತ್ಯಂತ ಸಾಧಾರಣ ವಸ್ತು; ನರೋರಾದ ಆ ರಾತ್ರಿಯನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

ಒಂದು ಕಾಕತಾಳೀಯವನ್ನು ಹೇಳದೆ ಮುಂದುವರಿಯಲಾರೆ. ಗುಮ್ಮಟ ಬಿದ್ದ ಅದೇ ಮೊದಲನೆಯ ಘಟಕವು, ಅದೇ ಮೇ 13ರಂದು, 2016ರಲ್ಲಿ ಓಡಲಾರಂಭಿಸಿ, 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ಓಡಿ ಲೋಕದಾಖಲೆಯನ್ನು ಸ್ಥಾಪಿಸಿತು. ಕೆಲಸಗಾರರ ಕೌಶಲಕ್ಕೆ ಇದು ಸಾಕ್ಷಿ. ಸುರಕ್ಷೆಗೆ ಮಾತ್ರ ಅರ್ಧಸಾಕ್ಷಿ. ಏಕೆಂದರೆ ಯಂತ್ರ ಕೆಡದಿದ್ದಾಗಲೂ ಮನುಷ್ಯ ಕೆಡಬಹುದು. 2009ರ ನವೆಂಬರಿನಲ್ಲಿ ಟ್ರಿಟಿಯಮ್ ಬೆರೆತ ಭಾರಜಲವು ಸ್ಥಾವರದೊಳಗಿನ ಕುಡಿಯುವ ನೀರಿನ ಪಾತ್ರೆಗೆ ಸೇರಿ, ಹಲವು ನೌಕರರ ದೇಹವನ್ನು ಹೊಕ್ಕಿತು. ಒಳಗಿನವರೇ ಯಾರೋ ಬೇಕೆಂದು ಬೆರೆಸಿದ್ದೆಂದು ಅಧಿಕಾರಿಗಳು ಹೇಳಿದರು. ಅದು ಬಯಲಾದದ್ದು ನೌಕರರ ಮೂತ್ರಪರೀಕ್ಷೆಯೆಂಬ ನಿತ್ಯವಿಧಿಯಿಂದ.

ಇಷ್ಟೆಲ್ಲ ಬೇಲಿಯ ಒಳಗಿನ ಮಾತು. ಬೇಲಿಯ ಹೊರಗೆ?

ತುರ್ತುಪರಿಸ್ಥಿತಿಯ ಯೋಜನೆಗೆಂದು ಸ್ಥಾವರದ ಸುತ್ತ 16 ಕಿಲೋಮೀಟರಿನ ವೃತ್ತವನ್ನೆಳೆಯುತ್ತಾರೆ. ಅದರೊಳಗಿನ ಜನರನ್ನು ಮನೆಯೊಳಗಿರಿಸುವುದು, ಅಯೋಡಿನ್ ಗುಳಿಗೆ ಹಂಚುವುದು, ಅಗತ್ಯ ಬಿದ್ದರೆ ಸಾಗಿಸುವುದು, ಇವೆಲ್ಲ ಜಿಲ್ಲಾಡಳಿತದ ಹೊಣೆ. ಯಲ್ಲಾಪುರ ಪಟ್ಟಣ ನೇರದಾರಿಯಲ್ಲಿ ಕೈಗಾದಿಂದ ಸುಮಾರು 30 ಕಿಲೋಮೀಟರು, ಶಿರಸಿ 50ರಷ್ಟು, ಸಿದ್ದಾಪುರ ಇನ್ನೂ ದೂರ. ಕೈವಾರವು ಎಳೆದ ಗೆರೆ ನಮ್ಮನ್ನು ಹೊರಗಿಡುತ್ತದೆ. ಆದರೆ ಮಳೆಗಾಲದ ಪಡುಗಾಳಿ ಕೈಗಾದಿಂದ ಎತ್ತ ಬೀಸುತ್ತದೆಂಬುದನ್ನು ಯಲ್ಲಾಪುರದ ಶಾಲೆಯ ಹುಡುಗನೂ ಬಲ್ಲ. ಫುಕುಶಿಮಾದಲ್ಲಿ ಮೊದಲು 20 ಕಿಲೋಮೀಟರಿನ ವೃತ್ತವನ್ನು ತೆರವು ಮಾಡಿದರು. ಆದರೆ ಸುಮಾರು 40 ಕಿಲೋಮೀಟರು ದೂರದ ಇಟಾಟೆ ಎಂಬ ಬೆಟ್ಟದ ಮೇಲಿನ ಹಳ್ಳಿಯತ್ತ ಗಾಳಿ ತಿರುಗಿ, ಮಳೆ ಹಿಮಗಳೊಡನೆ ವಿಕಿರಣದ ಧೂಳು ಇಳಿಯಿತು. ಬೇಸಾಯಗಾರರ ಊರು, ಸ್ಥಾವರದಿಂದ ಅವರು ಪಡೆದದ್ದೇನೂ ಇರಲಿಲ್ಲ. ತಿಂಗಳು ಕಳೆದ ಮೇಲೆ ಅವರಿಗೂ ಹೊರಡಲು ಅಪ್ಪಣೆಯಾಯಿತು.

ಇನ್ನು ಹೊರಡುವ ದಾರಿ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಧರೆ ಕುಸಿದು ಅಡಕೆ ತೋಟಗಳು ಜಾರಿಹೋದವು. ಅರಬೈಲು ಘಟ್ಟದ ರಸ್ತೆ ಮುರಿಯಿತು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈಯಲ್ಲಿ ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಬಿದ್ದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಕೆಳಗೆ ಮಲ್ಲಾಪುರದಲ್ಲಿ ಸ್ಥಾವರದ ನೌಕರರ ವಸತಿಯಿದೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ಊರೇ ನೆರೆಗೆ ಸಿಕ್ಕಿತ್ತು. ನೆರವಿಗೆ ಓಡಿಬರಬೇಕಾದವನೇ ನೀರಿನಲ್ಲಿ ನಿಂತಿದ್ದರೆ ಗೋಡೆಯ ಕೊಳವೆಗೆ ವಾಹನವನ್ನು ಜೋಡಿಸುವವರಾರು?

ಘಟ್ಟದ ಮೇಲಿನವರು ಲೆಕ್ಕ ಕೇಳಲು ಅರಿಯದವರಲ್ಲ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ತೂಗಲು ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂರಿಸಿಕೊಂಡು ವಿಚಾರಸಂಕಿರಣ ನಡೆಸಿದ ಸೀಮೆಯಿದು. ಆ ಬಗೆಯ ಶಾಂತವಾದ, ಅಂಕಿಸಹಿತವಾದ ಪ್ರಶ್ನೆಯನ್ನು ಈಗ ರಸ್ತೆಯ ಕುರಿತು ಕೇಳಬೇಕು. ಗಾಳಿಯ ಜಾಡನ್ನು ಅನುಸರಿಸಿ ಯಲ್ಲಾಪುರದ ಗ್ರಾಮಗಳನ್ನು ಯೋಜನೆಯಲ್ಲಿ ಸೇರಿಸಬೇಕು. ವಿಕಿರಣದ ಅಳತೆಯನ್ನು ಕನ್ನಡದಲ್ಲಿ, ಪಂಚಾಯತಿಯ ಫಲಕದ ಮೇಲೆ ಬರೆಯಬೇಕು. ಊರು ತೆರವು ಮಾಡುವ ಅಣಕು ಕಾರ್ಯಾಚರಣೆಯನ್ನು ಆಷಾಢದಲ್ಲಿ, ಹಳ್ಳಗಳು ತುಂಬಿ ಹರಿಯುವಾಗ, ಬಾರೆಯ ದಾರಿಯಲ್ಲೇ ನಡೆಸಬೇಕು.