‘ಇಟ್’ ಎಲ್ಲಿ ಕೂರುತ್ತದೆ?

ತಮಿಳುನಾಡಿನ ಕಂಬಂ ಕಣಿವೆಯ ದ್ರಾಕ್ಷಿ ತೋಟದಲ್ಲಿ ಮೋಟಾರು ನಿಲ್ಲಿಸಬೇಕಾದರೆ ಕನ್ನಡದ ಮನೆಯವರು ‘ಅದನ್ನ ಆಫ್ ಮಾಡು’ ಅನ್ನುತ್ತಾರೆ, ಪಕ್ಕದ ತಮಿಳು ಮನೆಯವರು ‘ಅದೆ ಆಫ್ ಪಣ್ಣು’ ಅನ್ನುತ್ತಾರೆ. ಎರಡೂ ಮನೆಯ ಮಕ್ಕಳು ಪೆರಿಯಕುಳಂನಲ್ಲೋ ತೇನಿಯಲ್ಲೋ ಶಾಲೆಗೆ ಹೋಗಿ ‘ಸ್ವಿಚ್ ಆಫ್ ದ ಮೋಟರ್’ ಎಂದು ಕಲಿಯುತ್ತಾರೆ. ಮುಂದಿನ ಅಭ್ಯಾಸ: ನಾಮಪದದ ಜಾಗಕ್ಕೆ ಸರ್ವನಾಮ ಹಾಕಿ. ‘ಮೋಟರ್’ ತೆಗೆದು ‘ಇಟ್’ ಹಾಕಿದರೆ ‘ಸ್ವಿಚ್ ಆಫ್ ಇಟ್’ ಆಗಬೇಕು ತಾನೆ? ಆಗುವುದಿಲ್ಲ. ಇಂಗ್ಲಿಷಿನವರು ‘ಸ್ವಿಚ್ ಇಟ್ ಆಫ್’ ಅನ್ನುತ್ತಾರೆ. ಅದೇ ‘ಲುಕ್ ಅಟ್ ದ ಮೋಟರ್’ ಮಾತ್ರ ಸಲೀಸಾಗಿ ‘ಲುಕ್ ಅಟ್ ಇಟ್’ ಆಗುತ್ತದೆ.

ಈ ಕಣಿವೆಯಲ್ಲಿ ಕನ್ನಡ ಎಲ್ಲಿಂದ ಬಂತು ಎಂದು ಕೇಳುವವರಿಗೆ ಒಂದು ಮಾತು. ಕಾಪಿಲಿಯರ್, ಅನುಪ್ಪರ್ ಎಂಬ ಬೇಸಾಯಗಾರ ಸಮುದಾಯಗಳ ಮನೆಮಾತು ಕನ್ನಡ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಇವರಿಬ್ಬರೂ ಸಿಗುತ್ತಾರೆ. ಆಗ ಇದೆಲ್ಲ ಮದುರೆ ಜಿಲ್ಲೆ. ತೇನಿ ಬೇರೆ ಜಿಲ್ಲೆಯಾದದ್ದು 1996ರಲ್ಲಿ.

ಮತ್ತೆ ಮೋಟಾರಿಗೆ ಬರೋಣ. ‘ಆಫ್’, ‘ಅಟ್’ ಎರಡೂ ಒಂದೇ ಗಾತ್ರದ ಪುಟ್ಟ ಪದಗಳು, ಎರಡೂ ಕ್ರಿಯಾಪದದ ಬೆನ್ನಿಗೇ ನಿಂತಿವೆ. ಆದರೆ ‘ಅಟ್’ ಮುಂದಿನ ನಾಮಪದಕ್ಕೆ ಸೇರಿದ್ದು, ಅದು ಪ್ರಿಪೊಸಿಷನ್. ‘ಆಫ್’ ಹಿಂದಿನ ಕ್ರಿಯಾಪದಕ್ಕೆ ಸೇರಿದ್ದು, ಅದು ಕ್ರಿಯಾವಿಶೇಷಣದ ಜಾತಿ. ಕಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಸರ್ವನಾಮ ಹಾಕಿದ ಕೂಡಲೇ, ಆಮ್ಲಕ್ಕೆ ಅದ್ದಿದ ಲಿಟ್ಮಸ್ ಕಾಗದದ ಹಾಗೆ, ಬಣ್ಣ ಹೊರಬೀಳುತ್ತದೆ.

ಭಾಷಾವಿಜ್ಞಾನದ ತರಗತಿಗಳಲ್ಲಿ ಇದಕ್ಕೆ ಹಳೆಯ ಜೋಡಿಯೊಂದಿದೆ. ಪೆರಿಯಕುಳಂನಿಂದ ಕೊಡೈಕಾನಲ್ ಬೆಟ್ಟ ಓಡಿ ಹತ್ತಿದವನು ‘ರ‍್ಯಾನ್ ಅಪ್ ದ ಹಿಲ್’. ಬೆಟ್ಟದ ಮೇಲಿನ ಹೋಟೆಲಿನಲ್ಲಿ ದೊಡ್ಡ ಬಿಲ್ಲು ಏರಿಸಿಕೊಂಡವನು ‘ರ‍್ಯಾನ್ ಅಪ್ ದ ಬಿಲ್’. ಒಂದೇ ಅಕ್ಷರ ಬೇರೆ. ಸರ್ವನಾಮ ಹಾಕಿ ನೋಡಿ: ಬೆಟ್ಟಕ್ಕೆ ‘ರ‍್ಯಾನ್ ಅಪ್ ಇಟ್’, ಬಿಲ್ಲಿಗೆ ‘ರ‍್ಯಾನ್ ಇಟ್ ಅಪ್’. ನಡುವೆ ‘ಕ್ವಿಕ್ಲಿ’ ತೂರಿಸಿದರೂ ಗುಟ್ಟು ಬಯಲಾಗುತ್ತದೆ. ‘ರ‍್ಯಾನ್ ಕ್ವಿಕ್ಲಿ ಅಪ್ ದ ಹಿಲ್’ ಸರಿ, ‘ರ‍್ಯಾನ್ ಕ್ವಿಕ್ಲಿ ಅಪ್ ದ ಬಿಲ್’ ಕಿವಿಗೆ ಕರಕರ.

ನಮ್ಮಲ್ಲೂ ಇಂಥ ಇಬ್ಬಂದಿ ಪದಗಳಿವೆ. ‘ಮೇಲೆ ಹೋದ’ ಎಂಬಲ್ಲಿ ‘ಮೇಲೆ’ ಕ್ರಿಯಾವಿಶೇಷಣ. ‘ಬೆಟ್ಟದ ಮೇಲೆ ಹೋದ’ ಎಂಬಲ್ಲಿ ಅದು ‘ಬೆಟ್ಟ’ಕ್ಕೆ ಅಂಟಿಕೊಂಡಿದೆ. ಆದರೆ ನಮಗೆ ಗೊಂದಲವಿಲ್ಲ, ಏಕೆಂದರೆ ‘ಬೆಟ್ಟದ’ ಎಂಬಲ್ಲಿನ ‘ದ’ ನಂಟು ಯಾರಿಗೆ ಎಂದು ಹೇಳಿಬಿಡುತ್ತದೆ. ತಮಿಳಿನ ‘ಮರತ್ತು ಮೇಲೆ’ಯಲ್ಲಿ ‘ತ್ತು’ ಅದೇ ಕೆಲಸ ಮಾಡುತ್ತದೆ. ಇಂಗ್ಲಿಷಿನ ನಾಮಪದ ಇಂಥ ಗುರುತುಗಳನ್ನು ಬಹುತೇಕ ಕಳೆದುಕೊಂಡಿದೆ. ಅಲ್ಲಿ ಜಾಗವೇ ಗುರುತು.

ಇನ್ನು ಸರ್ವನಾಮ ಮಧ್ಯಕ್ಕೆ ನುಗ್ಗುವುದು ಯಾಕೆ? ಇಂಗ್ಲಿಷ್ ವಾಕ್ಯದ ಕೊನೆ ತೂಕದ ಜಾಗ. ಒತ್ತು, ಹೊಸ ವಿಷಯ, ಉದ್ದನೆಯ ಪದಪುಂಜ ಅಲ್ಲಿಗೆ ಸರಿಯುತ್ತವೆ. ಗಿಡ್ಡದ್ದು ಮೊದಲು, ಉದ್ದದ್ದು ಆಮೇಲೆ ಎಂಬ ಈ ಒಲವನ್ನು ಜರ್ಮನಿಯ ಒಟ್ಟೊ ಬೆಹಾಗೆಲ್ 1909ರಲ್ಲೇ ನಿಯಮವಾಗಿ ಬರೆದಿದ್ದ. ‘ಇಟ್’ ಹಗುರ, ಆಗಲೇ ಗೊತ್ತಿರುವ ವಸ್ತುವಿನ ಹೆಸರು. ಅದಕ್ಕೆ ಕೊನೆಯ ಗದ್ದುಗೆ ಯಾಕೆ? ಅಲ್ಲಿ ‘ಆಫ್’ ಕೂತು ಒತ್ತು ಪಡೆಯುತ್ತದೆ. ‘ಲುಕ್ ಅಟ್ ಇಟ್’ನಲ್ಲಿ ಒತ್ತು ‘ಲುಕ್’ ಮೇಲೆ, ‘ಅಟ್’ ಬರೀ ಉಸಿರು. ಅತ್ತ ‘ಹೋದ ವರ್ಷ ಮಾವ ದಿಂಡಿಗಲ್ಲಿನಲ್ಲಿ ಕೊಂಡ ಮೋಟಾರು’ ಎಂಬಷ್ಟು ಉದ್ದ ಬಂದರೆ ‘ಆಫ್’ ಮೊದಲೇ ಬರಬೇಕು. ಅಷ್ಟು ಹೊತ್ತು ಅದಕ್ಕಾಗಿ ಕಾಯುವ ತಾಳ್ಮೆ ಕೇಳುವವನಿಗೆ ಇರುವುದಿಲ್ಲ.

ನನಗೆ ಇದರಲ್ಲಿ ಸೋಜಿಗವೆನಿಸುವುದು ಬೇರೆಯೇ. ‘ಅದನ್ನ – ಆಫ್ – ಮಾಡು.’ ‘ಸ್ವಿಚ್ – ಇಟ್ – ಆಫ್.’ ಕ್ರಿಯಾಪದವನ್ನು ಕೊನೆಯಿಂದ ಕಿತ್ತು ಮೊದಲಿಗಿಡಿ, ಉಳಿದದ್ದು ಇದ್ದ ಹಾಗೇ ಇದೆ! ಮಗುವಿನ ಮನೆಮಾತಿನಲ್ಲಿ ‘ಅದನ್ನ’ ಆಗಲೇ ‘ಆಫ್’ಗಿಂತ ಮುಂದಿದೆ. ಹಾಗಾದರೆ ‘ಸ್ವಿಚ್ ಆಫ್ ಇಟ್’ ತಪ್ಪನ್ನು ಮನೆಮಾತಿನ ತಲೆಗೆ ಕಟ್ಟುವುದು ಅನ್ಯಾಯ. ಅದು ‘ಪದ ಬದಲಿಸಿ ಬರೆ’ ಎಂಬ ಅಭ್ಯಾಸದ ಕೂಸು.

ಈ ಹೋಲಿಕೆ ಬರೀ ಆಕಸ್ಮಿಕವೂ ಅಲ್ಲ. ಇಂಗ್ಲಿಷಿನ ಸೋದರ ಭಾಷೆ ಜರ್ಮನ್‌ನಲ್ಲಿ ‘ಅವನು ಅದನ್ನ ಆಫ್ ಮಾಡ್ತಾನೆ ಅಂತ’ ಎನ್ನಲು ‘ದಾಸ್ ಎರ್ ಎಸ್ ಔಸ್‌ಮಾಖ್ಟ್’ ಎನ್ನುತ್ತಾರೆ: ಅಂತ, ಅವನು, ಅದನ್ನ, ಆಫ್-ಮಾಡ್ತಾನೆ. ಮೊದಲಿನ ‘ಅಂತ’ ಬಿಟ್ಟರೆ ಅಪ್ಪಟ ನಮ್ಮ ಸಾಲು. ಬಿಡಿ ವಾಕ್ಯದಲ್ಲಿ ಕ್ರಿಯಾಪದ ಮುಂದಕ್ಕೆ ಜಿಗಿಯುತ್ತದೆ, ‘ಔಸ್’ ಕೊನೆಯಲ್ಲೇ ಉಳಿಯುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಅಧೀನ ವಾಕ್ಯಗಳ ಕ್ರಿಯಾಪದ ಕೊನೆಗೆ ಬರುವುದು ಸಾಮಾನ್ಯವಾಗಿತ್ತು.

ಕ್ರಿಯಾಪದ ಎಲ್ಲಿ ಕೂರುತ್ತದೋ ಅದಕ್ಕೆ ತಕ್ಕಂತೆ ಉಳಿದವೂ ಕೂರುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಜೋಸೆಫ್ ಗ್ರೀನ್‌ಬರ್ಗ್. 1963ರಲ್ಲಿ ಪ್ರಕಟವಾದ ಅವರ ಪ್ರಬಂಧ 30 ಭಾಷೆಗಳನ್ನು ಎದುರಿಗಿಟ್ಟುಕೊಂಡಿತ್ತು. ದ್ರಾವಿಡ ಭಾಷೆಗಳ ಪರವಾಗಿ ಆ ಪಟ್ಟಿಯಲ್ಲಿದ್ದದ್ದು ಕನ್ನಡ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ‘ಮೇಲೆ’, ‘ಒಳಗೆ’ಗಳು ಹೆಚ್ಚುಕಡಿಮೆ ಯಾವಾಗಲೂ ನಾಮಪದದ ನಂತರ ಬರುತ್ತವೆ ಎಂಬುದು ಅವರು ಕಂಡ ನಿಯಮಗಳಲ್ಲೊಂದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮಗು ಒಂದೇ ನಕ್ಷೆಯಲ್ಲಿ ಓಡಾಡುತ್ತಿರುತ್ತದೆ. ಇಂಗ್ಲಿಷಿಗೆ ಬಂದಾಗಲೇ ನಕ್ಷೆ ತಿರುವುಮುರುವಾಗುವುದು.

ಇಂಗ್ಲಿಷಿನ ಈ ಪುಟ್ಟ ಪದಗಳು ದಿಕ್ಕು ಮಾತ್ರ ತೋರಿಸುವುದಿಲ್ಲ. ‘ಈಟ್ ಇಟ್ ಅಪ್’ ಅಂದರೆ ಮೇಲಕ್ಕೆ ತಿನ್ನು ಎಂದಲ್ಲ, ಪೂರ್ತಿ ಮುಗಿಸು ಎಂದು. ಈ ಕೆಲಸಕ್ಕೆ ನಾವು ಇನ್ನೊಂದು ಕ್ರಿಯಾಪದವನ್ನೇ ಕರೆಯುತ್ತೇವೆ: ‘ತಿಂದುಬಿಡು’. ತಮಿಳಿನಲ್ಲಿ ಅದು ‘ವಿಡು’. ಇಂಗ್ಲಿಷಿನ ‘ಅಪ್’ ಯಾರಿಗೂ ಬಾಗುವುದಿಲ್ಲ. ‘ಏಟ್ ಇಟ್ ಅಪ್’ ಎಂದಷ್ಟೇ ಕೇಳಿದರೆ ತಿಂದವರು ಯಾರೋ ತಿಳಿಯದು. ನಮ್ಮ ‘ಬಿಡು’ ಮಾತ್ರ ಸರ್ವನಾಮವನ್ನೂ ಬಾಲದಲ್ಲೇ ಹೊತ್ತು ಬರುತ್ತದೆ: ತಿಂದುಬಿಟ್ಟೆ, ತಿಂದುಬಿಟ್ಟಳು, ತಿಂದುಬಿಟ್ಟರು.