ಏಳು ದಿನದ ನಿಯಮ ಬೇರೆ, ಎಪ್ಪತ್ತೈದರ ಲೆಕ್ಕ ಬೇರೆ

“ಏಳ ದಿನಾ ಸಾಲಿಗೆ ಹೋಗಲಿಲ್ಲಂದ್ರ ಹೆಸರ ತಗದ ಹಾಕ್ತಾರ.” ಹುಬ್ಬಳ್ಳಿಯ ಓಣಿಗಳಲ್ಲಿ, ಕುಂದಗೋಳ, ನವಲಗುಂದದ ಹಳ್ಳಿಗಳಲ್ಲಿ ಈ ಮಾತು ಇಂದಿಗೂ ಚಲಾವಣೆಯಲ್ಲಿದೆ. ಕೆಲವು ಮಾಸ್ತರರೂ ಮಕ್ಕಳನ್ನು ಹೆದರಿಸಲು ಇದನ್ನೇ ಬಳಸುತ್ತಾರೆ. ಆದರೆ ಎಂಟನೇ ತರಗತಿ ಮುಗಿಯುವವರೆಗೆ ಇದು ಬರೀ ಬೆದರಿಕೆ. ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಕಲಂ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ 5 ಮತ್ತು 8ನೇ ತರಗತಿಯಲ್ಲಿ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಹೊರಹಾಕಲು ಆಗಲೂ ಸಿಗಲಿಲ್ಲ. ತಡವಾಗಿ ಬಂದವನನ್ನು, ಸೂಟಿ ಮಾಡಿದವಳನ್ನು ಬಿಸಿಲಲ್ಲಿ ನಿಲ್ಲಿಸುವುದೂ 17ನೇ ಕಲಮಿನಡಿ ತಪ್ಪೇ.

ಹಾಗಾದರೆ ಏಳು ದಿನದ ಮಾತು ಬಂದದ್ದೆಲ್ಲಿಂದ? ಶಾಲೆ ಬಿಟ್ಟ ಮಕ್ಕಳ ಕುರಿತ ಪತ್ರಿಕಾ ವರದಿಯೊಂದನ್ನು ಆಧರಿಸಿ 2013ರಲ್ಲಿ ಕರ್ನಾಟಕ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ಬೆಳವಣಿಗೆಯ ಬೆನ್ನಲ್ಲೇ, ಏಳು ದಿನ ಬಿಟ್ಟೂಬಿಡದೆ ಕಾರಣ ತಿಳಿಸದೆ ಗೈರಾದ ಮಗುವನ್ನು ‘ಶಾಲೆಯಿಂದ ಹೊರಗುಳಿದ ಮಗು’ ಎಂದು ಪರಿಗಣಿಸುವ ಪದ್ಧತಿ ನಮ್ಮಲ್ಲಿ ಬಂತು. ಇದು ಮಗುವನ್ನು ಕೈಬಿಡುವ ಗಡುವಲ್ಲ, ಹುಡುಕಲು ಹೊರಡುವ ಗಡುವು. ಎಂಟನೇ ದಿನ ಕೇಳಬೇಕಾದ ಪ್ರಶ್ನೆ “ಹೆಸರು ತೆಗೆಯೋಣವೇ” ಎಂಬುದಲ್ಲ, “ಮಗು ಎಲ್ಲಿದೆ” ಎಂಬುದು. ಆ ಪ್ರಶ್ನೆ ಕೇಳಬೇಕಾದವರು ಹೆಡ್‌ಮಾಸ್ತರು, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ).

ದುಡಿಮೆಗೆಂದು ಗೋವಾಕ್ಕೋ, ಕಬ್ಬು ಕಡಿಯಲು ಬೇರೆ ಜಿಲ್ಲೆಗೋ ಹೋಗುವ ಕುಟುಂಬಗಳಿಗೆ ಈ ಗೊಂದಲ ಬಹಳ ದುಬಾರಿ. ಮೂರು ತಿಂಗಳ ಮೇಲೆ ಊರಿಗೆ ಮರಳಿದ ತಾಯಿ, “ಈಗ ಹೆಂಗ ತಗೋತಾರ್ರಿ, ಟಿಸಿನೂ ಇಲ್ಲ” ಎಂದು ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ. ಕಾನೂನು ಇದಕ್ಕೆ ಪೂರಾ ಉಲ್ಟಾ. ಟಿಸಿ (ವರ್ಗಾವಣೆ ಪತ್ರ) ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು.

ಇನ್ನು ಎಪ್ಪತ್ತೈದರ ಲೆಕ್ಕ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗೆ ಶೇ 75 ಹಾಜರಿ ಬೇಕು. ಎಂಟರವರೆಗೆ ಎಷ್ಟು ಸೂಟಿ ಮಾಡಿದರೂ ನಡೆದುಹೋದ ಮನೆಗಳಿಗೆ ಹತ್ತರಲ್ಲಿ ಈ ನಿಯಮ ಸಿಡಿಲಿನಂತೆ ಬಡಿಯುವುದು ಇದಕ್ಕೇ. ಶಾಲೆ 220 ದಿನ ನಡೆದಿದೆ ಎಂದುಕೊಳ್ಳಿ: 165 ದಿನ ಹಾಜರಿರಬೇಕು, ತಪ್ಪಿಸಬಹುದಾದದ್ದು ಹೆಚ್ಚೆಂದರೆ 55 ದಿನ. ಜುಲೈ ಮಳೆಗೆ ಜಿಲ್ಲಾಧಿಕಾರಿ ಕೊಟ್ಟ ರಜೆ ಯಾರ ಹಾಜರಿಯನ್ನೂ ತಿನ್ನುವುದಿಲ್ಲ. ಲೆಕ್ಕ ಹಾಕುವುದು ಶಾಲೆ ನಡೆದ ದಿನಗಳಿಗೆ ಮಾತ್ರ.

“ಚೀಟಿ ಕೊಟ್ಟೇವಲ್ರಿ” ಎನ್ನುವವರೇ ಹೆಚ್ಚು. ‘ನನಗೆ ಜ್ವರ ಬಂದಿದ್ದರಿಂದ’ ಎಂದು ಶುರುವಾಗುವ ಸೂಟಿ ಚೀಟಿಯನ್ನು ನಾವೆಲ್ಲ ಬರೆದವರೇ, ಜ್ವರ ಇದ್ದರೂ ಇರದಿದ್ದರೂ. (ಸಿದ್ಧಾರೂಢರ ಜಾತ್ರೆಯ ಮರುದಿನ ಹುಬ್ಬಳ್ಳಿಯಲ್ಲಿ ಜ್ವರ ಜಾಸ್ತಿ.) ಚೀಟಿ ಗೈರಿಗೆ ಕಾರಣ ಹೇಳುತ್ತದೆ, ಬೈಗುಳ ತಪ್ಪಿಸುತ್ತದೆ. ಆದರೆ ಹಾಜರಿ ಪುಸ್ತಕದ ಆ ದಿನದ ಮನೆಯಲ್ಲಿ ಗೈರು ಗೈರಾಗಿಯೇ ಉಳಿಯುತ್ತದೆ. ಡಾಕ್ಟರ ಸರ್ಟಿಫಿಕೇಟಿನ ಕತೆಯೂ ಅಷ್ಟೇ: ಅದರ ಮೇಲೆ ವಿನಾಯಿತಿ ಕೇಳಬಹುದು, ಹಾಜರಿ ಕೇಳಲಾಗದು. ಸಿಬಿಎಸ್‌ಇಯಲ್ಲಿ ತೀವ್ರ ಕಾಯಿಲೆ, ರಾಷ್ಟ್ರಮಟ್ಟದ ಕ್ರೀಡಾಕೂಟದಂಥ ಕಾರಣಗಳಿಗೆ ಶೇ 25ರವರೆಗೆ ಸಡಿಲಿಕೆಯಿದೆ, ಅದೂ ದಾಖಲೆ ಇದ್ದರೆ.

“ಸಾಲ್ಯಾಗ ಊಟಾ ಮಾಡಿ ಮನಿಗೆ ಬಂದ್ರೂ ಹಾಜರಿ ಆಗಿರತೈತಿ” ಎಂಬುದೂ ಭ್ರಮೆ. ಮಧ್ಯಾಹ್ನ ಮತ್ತೆ ಹೆಸರು ಕೂಗುತ್ತಾರೆ.

ಮನೆಯಲ್ಲಿ ಹತ್ತನೇ ತರಗತಿಯ ಮಗುವಿದ್ದರೆ ದಸರಾ ಸೂಟಿ ಮುಗಿದ ವಾರವೇ ಶಾಲೆಗೆ ಹೋಗಿ ಹಾಜರಿ ಶೇಕಡಾ ಎಷ್ಟೆಂದು ಕೇಳಿ. ಮಾರ್ಚಿನಲ್ಲಿ ಕೇಳಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಎಂಟನೇ ತರಗತಿಯೊಳಗಿನ ಮಗುವಿನ ಹೆಸರು ತೆಗೆದಿದ್ದೇವೆ ಎಂದು ಯಾರಾದರೂ ಹೇಳಿದರೆ ಬಿಇಒ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆಯಲ್ಲಿರಬೇಕಾದ ಮಗು ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.